ಸಿದ್ದಯ್ಯ ರಸ್ತೆಯ ಹೊಳಪು

ಲಾಲ್‌ಬಾಗನ್ನು ನೋಡಲೆಂದು ಬೆಂಗಳೂರಿಗೆ ಬರುವ ಪ್ರವಾಸಿಗರು ಅದರ ಸಮೀಪದಲ್ಲೇ ಇರುವ ಸಿದ್ದಯ್ಯ ರಸ್ತೆಯತ್ತ ಕಣ್ಣು ಹಾಯಿಸುವುದಿಲ್ಲ. ಅಲ್ಲಿ ಪುರಾತನ ದೇಗುಲವಿಲ್ಲ, ತಿಳಿನೀರಿನ ಕೆರೆಯಿಲ್ಲ. ಆದರೆ ಈ ನಗರದಲ್ಲಿ ಮನೆ ಕಟ್ಟಿಸುವ ಸಾಹಸಕ್ಕೆ ಕೈಹಾಕಿದವರಿಗೆ ಅದು ಯಾತ್ರಾಸ್ಥಳವೇ ಸರಿ. ನೆಲಕ್ಕೆ ಹಾಸುವ ಟೈಲ್ಸು, ಬಚ್ಚಲಿನ ನಲ್ಲಿ, ಅಡಿಗೆಮನೆಯ ಸಿಂಕು ಇವುಗಳ ಅಂಗಡಿಗಳು ಅಲ್ಲಿ ಒತ್ತಾಗಿ ನಿಂತಿವೆ.

ಗೃಹಪ್ರವೇಶದ ಮುಹೂರ್ತ ನಿಶ್ಚಯವಾದ ಮೇಲೆಯೇ ಹೆಚ್ಚಿನವರು ಇಲ್ಲಿಗೆ ಬರುವುದು. ಸಿಮೆಂಟು, ಕಬ್ಬಿಣಗಳಿಗೆ ಗಂಟು ಕರಗಿ, ಉಳಿದಷ್ಟರಲ್ಲಿ ಸಿಂಕನ್ನು ಕೊಳ್ಳಬೇಕು, ಆತುರ ಬೇರೆ. ಬಾಗಿಲ ಚಿಲಕ ಕೆಟ್ಟರೆ ಬದಲಾಯಿಸಬಹುದು. ಗ್ರಾನೈಟ್ ಕಟ್ಟೆಗೆ ಕೂರಿಸಿದ ಸಿಂಕನ್ನು ಕೀಳಹೊರಟರೆ ಕಟ್ಟೆಯೇ ಸೀಳುವ ಭಯ.

ಅಂಗಡಿಯ ದೀಪಗಳ ಕೆಳಗೆ ಎಲ್ಲ ಸಿಂಕುಗಳೂ ಬೆಳ್ಳಿಯಂತೆಯೇ ಹೊಳೆಯುತ್ತವೆ. ಆಯಸ್ಕಾಂತ ಅಂಟದಿದ್ದರೆ ಅಸಲು ಮಾಲು ಎಂಬ ನಂಬಿಕೆಯೊಂದು ಗಿರಾಕಿಗಳಲ್ಲಿದೆ. ಅದು ಅರ್ಧಸತ್ಯ. ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಬೆರೆತ 304 ದರ್ಜೆಯ ಉಕ್ಕಿಗೆ ಆಯಸ್ಕಾಂತ ಸಾಮಾನ್ಯವಾಗಿ ಅಂಟದು, ನಿಜ. ನಿಕ್ಕಲನ್ನು ಕಡಮೆ ಮಾಡಿ ಮ್ಯಾಂಗನೀಸ್ ತುಂಬಿದ 200ರ ಅಗ್ಗದ ಜಾತಿಗೂ ಅಂಟದು. ಅಷ್ಟೇಕೆ, ಒತ್ತಿ ಬಗ್ಗಿಸಿದ ಮೂಲೆಗಳಲ್ಲಿ ಅಸಲು 304ಕ್ಕೂ ಅದು ತುಸು ಅಂಟೀತು! ಉಪ್ಪು ಹುಣಿಸೆಗಳ ಸಹವಾಸದಲ್ಲಿ ಕಂದು ಚುಕ್ಕೆ ಬೇಗ ಮೂಡುವುದು ಅಗ್ಗದ್ದರಲ್ಲಿ. ಆದುದರಿಂದ ಆಯಸ್ಕಾಂತವನ್ನು ನೆಚ್ಚುವುದಕ್ಕಿಂತ ದರ್ಜೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದೇ ಮೇಲು. ಗೃಹೋಪಯೋಗಿ ಉಕ್ಕಿನ ಸಿಂಕುಗಳಿಗೆಂದೇ 1994ರಲ್ಲಿ ಐಎಸ್ 13983 ಎಂಬ ಭಾರತೀಯ ಮಾನಕವೂ ಹೊರಟಿದೆ. ಅದನ್ನು ಕೇಳುವ ಗಿರಾಕಿಗಳು ಎಷ್ಟು ಮಂದಿಯೋ!

ಗೇಜಿನ ಲೆಕ್ಕ ತಲೆಕೆಳಗು. ಅಂಕಿ ಹೆಚ್ಚಿದಷ್ಟೂ ತಗಡು ತೆಳು. ಮಿಲಿಮೀಟರಿನಲ್ಲಿ ಕೇಳಿದರೆ ಗೊಂದಲವಿಲ್ಲ. ತಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಡಬ್ಬದಂತೆ ತಗ್ಗಿ ಏಳಬಾರದು. ಮೂಲೆಗಳನ್ನು ಬೆಸೆದು ಮಾಡಿದ್ದಾದರೆ ಬೆಸುಗೆಯ ಗೆರೆಯ ಮೇಲೆ ಉಗುರೆಳೆದು ನೋಡಬೇಕು. ಉಗುರು ಸಿಕ್ಕಿಕೊಂಡಲ್ಲಿ ನಾಳೆ ಮುಸುರೆಯೂ ಸಿಕ್ಕಿಕೊಳ್ಳುತ್ತದೆ. ಮೇಲಣ ಪ್ಲಾಸ್ಟಿಕ್ ಪೊರೆ ಸುಲಿಯದೆ ಗೀರು ಕಾಣಿಸದು. ಇನ್ನು ಆಳದ ವಿಚಾರ: ಯಜಮಾನರು ಬೆಲೆಯನ್ನಷ್ಟೇ ಚೌಕಾಸಿ ಮಾಡುತ್ತಿರುತ್ತಾರೆ, ಇಡ್ಲಿ ಪಾತ್ರೆ ಹಿಡಿಸೀತೇ, ದಿನವೂ ಬಗ್ಗಿ ಸೊಂಟ ನೋಯದೇ ಎಂದು ಯೋಚಿಸುವವರು ಅದರ ಮುಂದೆ ನಿಲ್ಲಬೇಕಾದವರು.

ಒಂದು ಮಧ್ಯಾಹ್ನ, ಮಗ ಸೊಸೆಯರೊಡನೆ ಬಂದಿದ್ದ ವೃದ್ಧೆಯೊಬ್ಬರು, ಮೆಚ್ಚಿದ ಸಿಂಕನ್ನು ಪಾದಚಾರಿ ಕಟ್ಟೆಯ ಬಿಸಿಲಿಗೆ ತರಿಸಿ, ಎರಡು ಇಟ್ಟಿಗೆಗಳ ಮೇಲೆ ಸಮವಾಗಿ ಇಡಿಸಿದರು. ಕೈಯಲ್ಲಿದ್ದ ಬಾಟಲಿಯ ನೀರನ್ನು ಅದರೊಳಕ್ಕೆ ಸುರಿದರು. ನೀರೆಲ್ಲ ತೂತಿನತ್ತ ಹರಿಯಿತು. ಎಡಮೂಲೆಯಲ್ಲಿ ಮಾತ್ರ ಅಂಗೈಯಗಲ ನಿಂತಿತು. ಮಗ ಗಡಿಯಾರವನ್ನು ನೋಡಿಕೊಂಡ.

“ಇಲ್ಲಿ ನೀರು ನಿಲ್ಲತ್ತೆ ನೋಡಪ್ಪ, ಇನ್ನೊಂದು ತಗೊಂಡು ಬಾ” ಎಂದರು ಆಕೆ.

ಅಂಗಡಿಯ ಹುಡುಗ ಮರುಮಾತಿಲ್ಲದೆ ಒಳಕ್ಕೆ ಹೋದ.