ಪ್ರಭಾತ ಸವಾರಿ

ನಡೆಯುವುದು ಒಂದು ವಿದ್ಯೆ ಎಂದು ಯಾರೂ ಹೇಳುವುದಿಲ್ಲ. ಮಗು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟ ದಿನ ಮನೆಯಲ್ಲಿ ಸಂಭ್ರಮ. ಆಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ನಮಗೆ ಅದರ ನೆನಪಾದದ್ದು ನಾಲ್ವತ್ತು ತುಂಬಿದ ವರ್ಷ, ವೈದ್ಯರ ಕೋಣೆಯಲ್ಲಿ. ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದೆಯೆಂದು ತಿಳಿಸಿದ ವೈದ್ಯರು, ಮದ್ದಿನ ಚೀಟಿ ಬರೆಯುವ ಮೊದಲೇ, "ಮಾಷ್ಟ್ರೇ, ದಿನಕ್ಕೆ ಮುಕ್ಕಾಲು ಗಂಟೆ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಖರ್ಚು ಮಾಡುತ್ತವೆ. ಇದಕ್ಕಿಂತ ಅಗ್ಗದ ಮದ್ದು ಬೇರೆ ಇಲ್ಲ" ಎಂದರು. ಅಗ್ಗದ್ದು ಎಂದರೆ ನಮಗೂ ಇಷ್ಟವೇ. ಮರುದಿನದಿಂದಲೇ ನಡೆಯತೊಡಗಿದೆವು.

ನಮ್ಮ ಮನೆಯಿಂದ ಮೂರು ಕಿಲೋಮೀಟರು ದೂರದಲ್ಲಿ ಒಂದು ಪದವು ಇದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಪದವು ಎಂದರೇನೆಂದು ವಿವರಿಸಬೇಕಾಗಿಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪುಗಟ್ಟಿದ ಮುರಕಲ್ಲು, ಮಳೆಗಾಲದಲ್ಲಿ ಅದರ ಮೇಲೆ ಮೊಣಕಾಲೆತ್ತರದ ಹುಲ್ಲು, ಬೇಸಗೆಯಲ್ಲಿ ಬರಿಯ ಬಿಸಿಲು, ಅಂಚಿನಲ್ಲಿ ನಾಲ್ಕಾರು ಗೇರು ಮರಗಳು. ಆಕಾಶ ಶುಭ್ರವಾಗಿದ್ದರೆ ಒಂದು ಕಡೆ ಪೊಸಡಿ ಗುಂಪೆಯ ನೆತ್ತಿಯೂ ಪಡುವಣದಲ್ಲಿ ಕಡಲಿನ ಗೆರೆಯೂ ಕಾಣಿಸುತ್ತವೆ. ಬೈಕಿನಲ್ಲಿ ಪದವಿನವರೆಗೆ ಹೋಗಿ, ಅಲ್ಲಿ ಮುಕ್ಕಾಲು ಗಂಟೆ ನಡೆದು, ಮತ್ತೆ ಬೈಕಿನಲ್ಲಿ ಮನೆಗೆ ಬರುವುದು ನಮ್ಮ ಕ್ರಮವಾಯಿತು. ನಡೆಯುವುದಕ್ಕಾಗಿ ಬೈಕಿನಲ್ಲಿ ಹೋಗುವುದೇ ಎಂದು ಮನೆಯವರು ನಕ್ಕರು. ನಮಗೆ ಆಗ ಅದರಲ್ಲಿ ನಗುವಂಥದೇನೂ ಕಾಣಲಿಲ್ಲ.

ಅಷ್ಟರಲ್ಲಿ 2020 ಬಂತು. ದೇಶದ ಮೊದಲ ಕೊರೊನಾ ರೋಗಿ ಜನವರಿ 30ರಂದು ತೃಶ್ಶೂರಿನಲ್ಲಿ ಪತ್ತೆಯಾದರೆ, ಮೂರನೆಯ ರೋಗಿ ಫೆಬ್ರವರಿ 3ರಂದು ನಮ್ಮ ಜಿಲ್ಲೆಯಲ್ಲೇ ಪತ್ತೆಯಾದರು. ಮಾರ್ಚ್ ತಿಂಗಳಲ್ಲಿ ಕಾಸರಗೋಡಿನ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲೂ ಬರತೊಡಗಿತು. ಪರೀಕ್ಷೆಗಳು ಅರ್ಧಕ್ಕೆ ನಿಂತವು. ಮಾರ್ಚ್ 23ರಂದು ರಾಜ್ಯದಲ್ಲಿ ಲಾಕ್‌ಡೌನ್ ಘೋಷಣೆಯಾಯಿತು; 25ರಿಂದ ಇಡೀ ದೇಶವೇ ಮನೆಯೊಳಗೆ ಕುಳಿತಿತು. ನಮ್ಮ ಜಿಲ್ಲೆಯಲ್ಲಿ ನಿಯಮಗಳು ಇತರೆಡೆಗಿಂತ ಬಿಗಿಯಾಗಿದ್ದವು. ಆದೇಶಗಳು ಬರುತ್ತಿದ್ದುದು ಮಲಯಾಳದಲ್ಲಿ. ಎರಡೂ ಭಾಷೆಗಳಲ್ಲಿ ಓದಿ ಬೆಳೆದವರಾದ ಕಾರಣ ನೆರೆಕರೆಯ ಹಿರಿಯರಿಗೆ ಅವನ್ನು ಫೋನಿನಲ್ಲಿ ಕನ್ನಡದಲ್ಲಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಹಾಲು ತರಬಹುದೇ? ತರಬಹುದು. ಔಷಧಿ? ತರಬಹುದು. ನಡೆಯಲು ಹೋಗಬಹುದೇ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ; ನಾವೇ ನಮ್ಮೊಳಗೆ ಕೇಳಿಕೊಂಡೆವು.

ಅಂಗಳದಲ್ಲಿ ನಡೆದೆವು. ಅಡಿಕೆ ಒಣಗಲು ಹರವಿದ್ದರಿಂದ ಉಳಿದದ್ದು ಬರಿಯ ಅಂಚು. ಬಾವಿಯಿಂದ ಹಟ್ಟಿಯವರೆಗೆ ನಾಲ್ವತ್ತೆರಡು ಹೆಜ್ಜೆ, ಹಟ್ಟಿಯಿಂದ ತುಳಸಿಕಟ್ಟೆಗೆ ಮೂವತ್ತು. ಹಟ್ಟಿಯ ದನ ಮೊದಲ ಮೂರು ದಿನ ತಲೆಯೆತ್ತಿ ನೋಡಿತು, ಆಮೇಲೆ ಅದೂ ಬಿಟ್ಟಿತು. ಏಪ್ರಿಲ್ ಮೊದಲ ವಾರದಲ್ಲಿ ಕೊಚ್ಚಿಯ ಪನಂಪಿಳ್ಳಿ ನಗರದಲ್ಲಿ ಬೆಳಗ್ಗಿನ ನಡಿಗೆಗೆ ಹೊರಟಿದ್ದ 41 ಮಂದಿಯನ್ನು ಪೊಲೀಸರು ಬಂಧಿಸಿದ ಸುದ್ದಿ ಬಂತು. ಡ್ರೋನ್ ಹಾರಿಸಿ ಆಕಾಶದಿಂದಲೇ ಪತ್ತೆ ಹಚ್ಚಿದ್ದರಂತೆ. "ನಡೆದದ್ದೂ ಅಪರಾಧವೇ?" ಎಂದು ನಾವು ಊಟದ ಹೊತ್ತಿಗೆ ದೊಡ್ಡ ಸ್ವರದಲ್ಲಿ ಕೇಳಿದೆವು. ಮನೆಯವರು ಉತ್ತರ ಕೊಡಲಿಲ್ಲ.

ಒಂದು ಮುಂಜಾನೆ ತಡೆಯಲಾರದೆ ಬೈಕು ಹೊರಗೆ ತೆಗೆದೆವು. ಮೂರು ಕಿಲೋಮೀಟರು ತಾನೇ, ಪದವಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ, ಯಾರಿಗೆ ಏನು ನಷ್ಟ ಎಂಬ ನ್ಯಾಯ ನಮ್ಮದು. ಎರಡನೆಯ ತಿರುವಿನಲ್ಲೇ ಪೊಲೀಸರು ನಿಲ್ಲಿಸಿದರು. ಚಿಕ್ಕ ಪ್ರಾಯದವನೊಬ್ಬ, ರಾತ್ರಿಯಿಡೀ ನಿದ್ದೆ ಇಲ್ಲದ ಕಣ್ಣು. ಎಲ್ಲಿಗೆ ಎಂದು ಕೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಡೆಯಲಿಕ್ಕೆ ಎಂದೆವು. ಅವನು ಬೈಕನ್ನು ನೋಡಿದ, ನಮ್ಮನ್ನು ನೋಡಿದ. "ಮಾಷೇ, ನೀವೇ ಹೀಗೆ ಮಾಡಿದರೆ?" ಎಂದು ಮಲಯಾಳದಲ್ಲಿ ಮೆಲ್ಲಗೆ ಹೇಳಿ, "ತಲಪಾಡಿಯಲ್ಲಿ ಏನಾಗುತ್ತಿದೆಯೆಂದು ಗೊತ್ತಲ್ಲ" ಎಂದ. ದಂಡ ಹಾಕಲಿಲ್ಲ. ಹಾಕಿದ್ದರೆ ಒಳ್ಳೆಯದಿತ್ತು ಎಂದು ಹಿಂದಕ್ಕೆ ಬರುವಾಗ ಅನ್ನಿಸಿತು.

ತಲಪಾಡಿಯಲ್ಲಿ ಆಗುತ್ತಿದ್ದುದು ಇದು. ಕರ್ನಾಟಕವು ಗಡಿಯನ್ನು ಮುಚ್ಚಿತ್ತು. ಕೆಲವು ರಸ್ತೆಗಳಿಗೆ ಮಣ್ಣು ಸುರಿಯಲಾಗಿತ್ತು. ಜಿಲ್ಲೆಯ ಉತ್ತರ ಭಾಗದವರಾದ ನಮಗೆ ಆಸ್ಪತ್ರೆ ಎಂದರೆ ಮಂಗಳೂರು. 1956ರ ನವೆಂಬರ 1ರಂದು ರಾಜ್ಯಗಳು ಬೇರೆಯಾದರೂ ಕಾಯಿಲೆಯ ದಾರಿ ಬದಲಾಗಿರಲಿಲ್ಲ. ಆ ದಾರಿ ಮುಚ್ಚಿದಾಗ, ಮಂಗಳೂರಿಗೆ ತಲಪಲಾರದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ತೀರಿಕೊಂಡರು. ವಿಷಯ ಕೇರಳ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಎರಡು ರಾಜ್ಯಗಳೂ ಒಪ್ಪಿವೆಯೆಂದು ಕೇಂದ್ರ ಸರಕಾರ ತಿಳಿಸಿತು. ಅದರ ಹಿಂದಿನ ದಿನವೇ ಉಕ್ಕಿನಡ್ಕದಲ್ಲಿ ಕಟ್ಟುತ್ತಿದ್ದ ಮೆಡಿಕಲ್ ಕಾಲೇಜಿನ ಒಂದು ಕಟ್ಟಡವನ್ನು ಕೊರೊನಾ ಆಸ್ಪತ್ರೆಯಾಗಿ ತೆರೆದಿದ್ದರು. ತಿರುವನಂತಪುರದಿಂದ ವೈದ್ಯರ ತಂಡ ಬಂದಿತ್ತು. ಮೇ ತಿಂಗಳ ಮೊದಲರ್ಧಕ್ಕೆ ಜಿಲ್ಲೆಯ ಆ ಸಲದ 170ಕ್ಕೂ ಹೆಚ್ಚು ಸೋಂಕಿತರು, ಒಬ್ಬರೂ ಸಾಯದೆ, ಗುಣಹೊಂದಿ ಮನೆಗೆ ಹೋದರು. ಕೊರೊನಾದಿಂದ ಯಾರೂ ಸಾಯದ ಆ ದಿನಗಳಲ್ಲಿ ಮುಚ್ಚಿದ ದಾರಿಯಿಂದ ಸತ್ತವರಿದ್ದರು. ಆಂಬುಲೆನ್ಸಿಗೇ ದಾರಿಯಿಲ್ಲದಿದ್ದಾಗ ನಾವು ನಮ್ಮ ವ್ಯಾಯಾಮಕ್ಕೆ ದಾರಿ ಕೇಳಿದ್ದೆವು.

ಹಾಗೆಂದು ನಡಿಗೆಯ ಪ್ರಶ್ನೆ ಸಣ್ಣದೆಂದು ತಿಳಿಯಬೇಡಿ. ಇಡೀ ಲೋಕವೇ ಆಗ ಅದರ ಲೆಕ್ಕ ಹಾಕುತ್ತಿತ್ತು. ಫ್ರಾನ್ಸಿನಲ್ಲಿ ಕಾರಣ ಬರೆದ ಚೀಟಿ ಹಿಡಿದುಕೊಂಡು ಮನೆಯಿಂದ ಒಂದು ಕಿಲೋಮೀಟರಿನೊಳಗೆ ಒಂದು ಗಂಟೆ ಮಾತ್ರ ನಡೆಯಬಹುದಿತ್ತು. ಸ್ಪೇನಿನ ಮಕ್ಕಳು ಆರು ವಾರ ಹೊಸ್ತಿಲು ದಾಟದೆ ಕುಳಿತು, 2020ರ ಏಪ್ರಿಲ್ 26ರಂದು ಮೊದಲ ಸಲ ಬೀದಿ ನೋಡಿದರು. ಇಂಗ್ಲೆಂಡಿನಲ್ಲಿ 2021ರ ಜನವರಿಯಲ್ಲಿ ಇಬ್ಬರು ಗೆಳತಿಯರು ಐದು ಮೈಲು ಕಾರಿನಲ್ಲಿ ಹೋಗಿ ಒಂದು ಜಲಾಶಯದ ದಡದಲ್ಲಿ ನಡೆಯಲು ಹೊರಟಾಗ ಪೊಲೀಸರು ತಲಾ 200 ಪೌಂಡು ದಂಡ ಹಾಕಿ, ಆಮೇಲೆ ಟೀಕೆ ಬಂದ ಮೇಲೆ ದಂಡವನ್ನು ಹಿಂತೆಗೆದುಕೊಂಡರು. ನಡೆಯಲು ವಾಹನದಲ್ಲಿ ಹೋಗುವ ಜಾತಿ ನಮ್ಮದು ಮಾತ್ರವಲ್ಲ ಎಂದು ಆಗ ಸ್ವಲ್ಪ ಸಮಾಧಾನವಾಯಿತು.

ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ತರಗತಿಗಳು ಆರಂಭವಾದವು. ಅದರ ಜೊತೆಗೆ ನಾವು ಅಧ್ಯಾಪಕರು ವಾಟ್ಸಾಪ್ ಗುಂಪುಗಳಲ್ಲಿ ಪಾಠದ ಕೆಲಸ ಕಳುಹಿಸುತ್ತಿದ್ದೆವು. ಅಷ್ಟು ಹೊತ್ತಿಗೆ ನಡೆದಾಡಲು ತಡೆಯಿರಲಿಲ್ಲ. ಈ ಸಲ ಬೈಕನ್ನು ಮನೆಯಲ್ಲೇ ಬಿಟ್ಟು, ಕೊಡೆ ಹಿಡಿದು, ತೋಟದ ಕಾಲುದಾರಿಯಲ್ಲಿ ಪದವಿಗೆ ಹತ್ತಿದೆವು. ಅಲ್ಲಿ ಯಾರೂ ಇರುವುದಿಲ್ಲವೆಂದು ತಿಳಿದಿದ್ದೆವಷ್ಟೆ. ಗೇರು ಮರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ಅದರಡಿಯಲ್ಲಿ ನಾಲ್ವರು ಮಕ್ಕಳು ಕುಳಿತಿದ್ದರು! ನಮ್ಮ ಶಾಲೆಯವರೇ. ಕೆಳಗಿನ ಬೈಲಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ದಿನವೂ ಪದವು ಹತ್ತಿ ಪಾಠ ಕೇಳುತ್ತಿದ್ದರು. ನಾವು ದೇಹಕ್ಕಾಗಿ ಹತ್ತಿದ ದಾರಿಯನ್ನು ಅವರು ಪುಸ್ತಕ ನೆನೆಯದಂತೆ ಎದೆಗೆ ಒತ್ತಿ ಹಿಡಿದು ಹತ್ತಿದ್ದರು.

ಅವರಲ್ಲಿ ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಇರಲಿಲ್ಲ. ಚೆನ್ನಾಗಿ ಗಟ್ಟಿಯಾಗಿ ಓದುವವಳು, ಮೂರು ವಾರದಿಂದ ಒಂದು ಉತ್ತರವನ್ನೂ ಕಳುಹಿಸಿರಲಿಲ್ಲ. ಹಿಂದಿನ ದಿನವಷ್ಟೇ ನಾವು ಗುಂಪಿನಲ್ಲಿ ಅವಳ ಹೆಸರೆತ್ತಿ, ಮನೆಯಲ್ಲಿ ಕುಳಿತು ಸೋಮಾರಿಯಾದರೆ ಮುಂದೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಬರೆದಿದ್ದೆವು. ಆಕೆ ಏಕೆ ಬರುವುದಿಲ್ಲವೆಂದು ಮಕ್ಕಳನ್ನು ಕೇಳಿದೆವು. ಅವರು ಮುಖ ಮುಖ ನೋಡಿಕೊಂಡರು. "ಅವಳಲ್ಲಿ ಫೋನಿಲ್ಲ ಸಾರ್" ಎಂದು ಒಬ್ಬ ಹೇಳಿದ.

ಅಂದೇ ಪದವಿನ ಆಚೆಗೆ ಇಳಿದು ಅವಳ ಮನೆಗೆ ಹೋದೆವು. ಅಂಗಳದ ಹೊರಗೇ ನಿಂತೆವು. ತಾಯಿ ಬೀಡಿ ಕಟ್ಟುತ್ತಿದ್ದರು. ಹುಡುಗಿ ಬಾಗಿಲ ಹಿಂದೆ ಸರಿದಳು. ವಿಷಯ ತಿಳಿಯಿತು. ತಂದೆಗೆ ಮಂಗಳೂರಿನ ಒಂದು ಗೋದಾಮಿನಲ್ಲಿ ಕೆಲಸ. ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಆಚೆಯಲ್ಲೇ ಉಳಿದರು. ಬಂದರೆ ಇಲ್ಲಿ ಕ್ವಾರಂಟೈನ್, ಮರಳಿದರೆ ಅಲ್ಲಿ ಕ್ವಾರಂಟೈನ್, ಅಷ್ಟರಲ್ಲಿ ಕೆಲಸ ಇನ್ನೊಬ್ಬರ ಪಾಲು. ಹಾಗಾಗಿ ಬರಲಿಲ್ಲ. ಮನೆಗಿದ್ದ ಒಂದೇ ಒಂದು ಒಳ್ಳೆಯ ಫೋನು ಅವರ ಜೇಬಿನಲ್ಲಿತ್ತು. ನಾವು ಗುಂಪಿಗೆ ಸೇರಿಸಿದ್ದ ಸಂಖ್ಯೆ ಅದೇ. ಮಗಳ ಪಾಠಗಳೆಲ್ಲ ಮಂಗಳೂರಿನ ಒಂದು ಬಾಡಿಗೆ ಕೋಣೆಗೆ ಹೋಗಿ ತಲಪುತ್ತಿದ್ದವು. ನಮ್ಮ ಬೈಗುಳವೂ ಅಲ್ಲಿಗೇ ಹೋಗಿತ್ತು. ಹಿಂದಿನ ರಾತ್ರಿ ಅವರು ನೆರೆಮನೆಯ ಫೋನಿಗೆ ಕರೆ ಮಾಡಿ, ಮಾಷ್ಟ್ರು ಹೀಗೆ ಬರೆದಿದ್ದಾರೆ, ಏನು ಮಾಡುವುದೆಂದು ಕೇಳಿ ಅತ್ತರಂತೆ. ತಾಯಿ ಇದನ್ನು ದೂರಾಗಿ ಹೇಳಲಿಲ್ಲ. ವರದಿ ಕೊಡುವವರಂತೆ ಹೇಳಿ, ಬೀಡಿಯ ಎಲೆ ಕತ್ತರಿಸುತ್ತ ಇದ್ದರು.

ಇಪ್ಪತ್ತು ವರ್ಷದ ಹತ್ತಿರ ಪಾಠ ಹೇಳಿದವರು ನಾವು. ತರಗತಿಯಲ್ಲಿ ಮಗುವಿನ ಮುಖ ನೋಡಿದರೆ ಉಂಡಿದೆಯೋ ಇಲ್ಲವೋ ಗೊತ್ತಾಗುತ್ತದೆಂದು ಹೆಮ್ಮೆ ಪಟ್ಟುಕೊಂಡವರು. ಆ ದಿನ ಅಂಗಳದ ಬದಿಯಲ್ಲಿ ನಿಂತು ತಾಯಿಯ ಬಳಿಯೂ ಮಗಳ ಬಳಿಯೂ ಕ್ಷಮೆ ಕೇಳಿದೆವು. ಸಂಜೆ ತಂದೆಗೆ ಫೋನು ಮಾಡಿದೆವು. "ತೊಂದರೆಯಿಲ್ಲ ಮಾಷ್ಟ್ರೇ, ನೀವು ಹೇಳಿದ್ದು ಒಳ್ಳೆಯದಕ್ಕೇ" ಎಂದರು ಅವರು. ಆ ಮಾತು ನಮಗೆ ಬೈದದ್ದಕ್ಕಿಂತ ಹೆಚ್ಚು ನಾಟಿತು.

ಮರುದಿನದಿಂದ ನಮ್ಮ ನಡಿಗೆಯ ದಾರಿ ಬದಲಾಯಿತು. ಪಾಠದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಫೋನಿಲ್ಲದ ಮೂರು ಮನೆಗಳಿಗೆ ವಾರಕ್ಕೆರಡು ದಿನ ನಡೆದು ಹೋಗಿ, ಬರೆದದ್ದನ್ನು ಪಡೆದು, ಹೊಸದನ್ನು ಕೊಟ್ಟು ಬರುವುದು. ಅಧ್ಯಾಪಕರೆಲ್ಲ ಸೇರಿ ಹಳೆಯ ಫೋನುಗಳನ್ನು ದುರಸ್ತಿ ಮಾಡಿಸಿ ಕೊಡುವವರೆಗೂ ಇದು ನಡೆಯಿತು. ಎಲ್ಲವೂ ಸುಖಾಂತವಾಯಿತೆಂದು ಹೇಳಲಾರೆವು. ಒಬ್ಬ ಹುಡುಗನ ಮನೆಗೆ ನಾವು ಹೋದದ್ದು ತಡವಾಯಿತು. ಆಗಲೇ ಅವನು ಗಾರೆ ಕೆಲಸಕ್ಕೆ ಸೇರಿದ್ದ. ಅವನನ್ನು ಮರಳಿ ಪುಸ್ತಕದ ಮುಂದೆ ಕೂರಿಸಲು ಒಂದು ವರ್ಷ ಬೇಕಾಯಿತು. ಹುಡುಗಿ ಮಾತ್ರ 2022ರಲ್ಲಿ ಹತ್ತನೆಯ ತರಗತಿ ಮುಗಿಸಿ ಮುಂದೆ ಓದಿದಳು. ನಮ್ಮ ಸಕ್ಕರೆಯೂ ಇಳಿಯಿತು, ವೈದ್ಯರು ಮೆಚ್ಚಿದರು.

ಇನ್ನು ತಲೆಬರಹದ ವಿಷಯ. 2021ರ ಮೇ 8ರಿಂದ ರಾಜ್ಯದಲ್ಲಿ ಮತ್ತೆ ಲಾಕ್‌ಡೌನ್ ಬಂತು. ಜೂನಿನಲ್ಲಿ ಸಡಿಲಿಸುವಾಗ, ಬೆಳಗ್ಗೆ 5ರಿಂದ 7ರವರೆಗೆ, ಸಂಜೆ 7ರಿಂದ 9ರವರೆಗೆ ಅಂತರ ಕಾಯ್ದುಕೊಂಡು ನಡೆಯಬಹುದೆಂದರು. ಮಲಯಾಳದಲ್ಲಿ ಬೆಳಗ್ಗಿನ ನಡಿಗೆಗೆ 'ಪ್ರಭಾತ ಸವಾರಿ' ಎನ್ನುತ್ತಾರೆ. ನೆರೆಮನೆಯ ಹಿರಿಯರು ಆ ಎರಡು ಶಬ್ದಗಳನ್ನು ಹೇಗೋ ತಾವೇ ಓದಿಕೊಂಡು, ಸವಾರಿಗೆ ಅನುಮತಿ ಸಿಕ್ಕಿತೆಂದು ಐದು ಗಂಟೆಗೆ ಸ್ಕೂಟರು ಹತ್ತಿ ಹೊರಟುಬಿಟ್ಟರು! ಅವರನ್ನು ತಿರುವಿನಲ್ಲಿ ನಿಲ್ಲಿಸಿ ವಾಪಸು ಕಳುಹಿಸಿದರು. "ಸವಾರಿ ಎಂದರೆ ಅವರ ಭಾಷೆಯಲ್ಲಿ ಕಾಲ್ನಡಿಗೆ" ಎಂದು ನಾವು ಅರ್ಥ ಹೇಳಿದಾಗ, "ಹಾಗಾದರೆ ನಡಿಗೆಗೆ ಏನೆನ್ನುತ್ತಾರೆ?" ಎಂದು ಸಿಟ್ಟಿನಿಂದ ಕೇಳಿದರು. ಬೈಕಿನಲ್ಲಿ ನಡೆಯಲು ಹೋದ ನಾವು ಅವರನ್ನು ನೋಡಿ ನಗುವಂತಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಆಗ ನೀವು ಪ್ರಾಥಮಿಕ ಶಾಲೆಯ ಮಕ್ಕಳು. ನಿಮ್ಮ ಪ್ರಾಯದವರು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗಳದ ಗೇಟು ಈಗ ಮುಚ್ಚಿಲ್ಲ, ಪದವು ಎಲ್ಲಿಗೂ ಹೋಗಿಲ್ಲ. ಹೆತ್ತವರಲ್ಲಿಯೂ ಒಂದು ವಿನಂತಿ: ಹತ್ತಿರದ ಮಕ್ಕಳನ್ನು ಶಾಲೆಗೆ ನಡೆದೇ ಕಳುಹಿಸಿರಿ. ನಾಲ್ಕು ಮನೆ ದಾಟಿ ಬರುವ ಮಗುವಿಗೆ ಆ ನಾಲ್ಕು ಮನೆಗಳಲ್ಲಿ ಯಾರಿಗೆ ಜ್ವರ, ಯಾರು ಎರಡು ದಿನದಿಂದ ಕಾಣಿಸಲಿಲ್ಲ ಎಂಬುದು ತಿಳಿದಿರುತ್ತದೆ. ಪಕ್ಕದ ಬೆಂಚಿನವರು ಬಾರದಿದ್ದರೆ ನಮಗೆ ಬಂದು ಹೇಳಿರಿ. ನಾವು ಈಗಲೂ ಬೆಳಗ್ಗೆ ನಡೆಯುತ್ತೇವೆ. ಅವರ ಮನೆ ಯಾವ ದಾರಿಯಲ್ಲಿದ್ದರೂ ಆ ದಾರಿಯಲ್ಲೇ ನಡೆದೇವು.