ಸ್ಟೇಷನ್ ಮುಂದೆ ಯಾರ ಗಾಡಿಗೆ ಜಾಗ?



ನಮ್ಮೂರ ರೈಲ್ವೆ ಸ್ಟೇಷನ್ ಮುಂದೆ ಈಗ ಹೊಸ ಕಾಂಕ್ರೀಟ್ ಅಂಗಳ. ಹಳದಿ ಗೆರೆ ಎಳೆದು 24 ಕಾರಿಗೆ ಜಾಗ ಮಾಡಿದ್ದಾರೆ. 15 ವರ್ಷದಿಂದ ತಿಂಗಳ ಪಾಸ್ ಮಾಡಿಸ್ಕೊಂಡು ಬೆಳಗಿನ ಪ್ಯಾಸೆಂಜರ್‌ಗೆ ಆಫೀಸಿಗೆ ಹೋಗೋ ಗುಮಾಸ್ತ ನಾನು. ಎರಡು ವಾರ ದಿನಾ ಎಣಿಸಿದೆ. ಒಂದು ದಿನವೂ 5 ಕಾರು ದಾಟಲಿಲ್ಲ.

ಮೊದಲು ಅಲ್ಲೊಂದು ಹೊಂಗೆ ಮರ ಇತ್ತು. ಅದರ ಕೆಳಗೆ ಸೈಕಲ್, ಬೈಕ್ ನಿಲ್ಲಿಸ್ತಿದ್ವಿ. ಈಗ ಮರ ಇಲ್ಲ, ಟೆಂಡರ್ ಬಂದಿದೆ. ಬೈಕಿಗೆ ದಿನಕ್ಕೆ 15 ರೂಪಾಯಿ. ತಿಂಗಳ ಲೆಕ್ಕ ಹಾಕಿದ್ರೆ ರೈಲಿನ ಪಾಸ್‌ಗಿಂತ ಬೈಕ್ ನಿಲ್ಲಿಸೋದೇ ದುಬಾರಿ. ಒಂದು ಕಾರು ನಿಲ್ಲೋ ಜಾಗದಲ್ಲಿ ನಾಲ್ಕೈದು ಬೈಕ್ ಆರಾಮಾಗಿ ನಿಲ್ತವೆ ಅನ್ನೋದು ಗೆರೆ ಎಳೆದವರಿಗೆ ಗೊತ್ತಿಲ್ವಾ?

ಆಟೋಗಳನ್ನ ಗೇಟಿನಾಚೆ ಹಾಕಿದ್ರು. ಅಲ್ಲಿ ಜಾಗ ಕಮ್ಮಿ, ಸರದಿಗೆ ಜಗಳ. ನಮ್ಮ ಕೇರಿಯ ಹುಡುಗನೊಬ್ಬ ನಿಗಮದ ಸಾಲದಲ್ಲಿ ಆಟೋ ತಗೊಂಡಿದ್ದಾನೆ. ಅವನಿಗೆ ಸರದಿಯೇ ಇಲ್ಲ. "ಜಾಗ ಸಾಲಲ್ಲ, ಆ ಕಡೆ ಹೊಲದ ಹತ್ರ ನಿಲ್ಸ್ಕೊ ಅಂತಾರಣ್ಣ" ಅಂದ. ಅವನ ನಂತರ ಬಂದ ಎರಡು ಆಟೋಗೆ ಮಾತ್ರ ಜಾಗ ಸಾಕಾಯ್ತು. ಒಂದಿನ ನನ್ನ ಬೈಕ್ ಕೆಟ್ಟಿತ್ತು. ತಡ ಆಗುತ್ತೆ ಅಂತ ನಾನೂ ಸರದಿಯ ಮೊದಲ ಆಟೋ ಹತ್ತಿ ಹೋದೆ. ಹೊಲದ ಹತ್ರ ಅವನು ನನ್ನನ್ನ ನೋಡಿದ. ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಗ ನೆನಪಾದದ್ದು ಮಸೂರು ಸ್ಟೇಷನ್. 1901ರಲ್ಲಿ ಹುಡುಗ ಭೀಮರಾವ್ ತನ್ನ ಮನೆಯ ಮಕ್ಕಳ ಜೊತೆ, ಗೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡಲು ಅಲ್ಲಿ ಇಳಿದಿದ್ದರು. ಮಹಾರರು ಅಂತ ತಿಳಿದದ್ದೇ ಸ್ಟೇಷನ್ ಮಾಸ್ಟರ್ ಮುಖ ಬದಲಾಯ್ತು. ಎತ್ತಿನ ಗಾಡಿಗಳು ಬೇಕಾದಷ್ಟಿದ್ದವು, ಬರೋಕೆ ಯಾರೂ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದುಬಂದ. ಬಾಬಾಸಾಹೇಬರು ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಮಸೂರಿನಲ್ಲಿ ಗಾಡಿಗೂ ಕೊರತೆ ಇರಲಿಲ್ಲ, ಜಾಗಕ್ಕೂ ಕೊರತೆ ಇರಲಿಲ್ಲ.

2023ರ ಆಗಸ್ಟ್ 6ರಂದು ಅಮೃತ ಭಾರತ ಯೋಜನೆಯಲ್ಲಿ ದೇಶದ 508 ಸ್ಟೇಷನ್‌ಗಳ ಕೆಲಸಕ್ಕೆ ಒಟ್ಟಿಗೆ ಶಂಕುಸ್ಥಾಪನೆ ಆಯ್ತು. ನಮ್ಮೂರು ಆ ಪಟ್ಟಿಯಲ್ಲಿಲ್ಲ. ಆದರೆ ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲೇ ಸ್ಟೇಷನ್ ಅಂಗಳ ರಿಪೇರಿ ಆದ್ರೂ ನಮ್ಮವರು ಕೇಳಬೇಕಾದ ಪ್ರಶ್ನೆ ಒಂದೇ: ಕಾರು ಎಣಿಸಿದ್ರಿ ಸರಿ, ಜನರನ್ನ ಎಣಿಸಿದ್ರಾ? ಸಂಜೆ ರೈಲಿಳಿದು ಕತ್ತಲಲ್ಲಿ 2 ಕಿಲೋಮೀಟರ್ ನಡೆಯೋ ಕೂಲಿ ಹೆಂಗಸರು ಯಾವ ಗೆರೆಯೊಳಗೆ ಬರ್ತಾರೆ?

ಕಾರಿಗೆ ಜಾಗ ಬೇಡ ಅಂತಲ್ಲ. ರೋಗಿಗಳು, ವಯಸ್ಸಾದವರು ಕಾರಲ್ಲಿ ಬರ್ತಾರೆ. ನಮ್ಮ ಮಕ್ಕಳೂ ನಾಳೆ ಕಾರು ತಗೊಳ್ಳಲಿ. ಆದ್ರೆ ಖಾಲಿ ಬಿದ್ದ 19 ಜಾಗದಲ್ಲಿ ಒಂದಷ್ಟು ಬಿಟ್ಟುಕೊಡಿ. ಬಸ್ಸು ಒಳಗೆ ಬರಲಿ, ಪಾಸ್ ಇದ್ದವರ ಸೈಕಲ್ ಬೈಕ್‌ಗೆ ಶುಲ್ಕ ಬೇಡ, ಗಾಲಿಕುರ್ಚಿಗೆ ಇಳಿಜಾರು ದಾರಿ ಬೇಕು, ಆಟೋ ಸರದಿಯ ಪಟ್ಟಿ ಗೋಡೆ ಮೇಲೆ ಬರೀಬೇಕು. ಸೋಮವಾರ ಮನವಿ ಕೊಡ್ತಿದ್ದೀವಿ. ಮೊದಲ ಸಹಿ ಆ ಹುಡುಗನದ್ದು, ಎರಡನೇದು ನನ್ನದು.

ಸೋಮವಾರ ಸ್ಟೇಷನ್‌ಗೆ ಅವನ ಆಟೋದಲ್ಲೇ ಹೋಗ್ತೀನಿ. ಹತ್ತಿರದವರು ಬನ್ನಿ.

ಜೈಭೀಮ್.