ಸೋರಿಯಾಸಿಸ್ ಅಂಟುವ ಕಾಯಿಲೆ ಅಲ್ಲ

ಶಿಕಾರಿಪುರ, ಸೊರಬ ಕಡೆ ಚರ್ಮದ ಮೇಲೆ ಏನೇ ಕಂಡರೂ ಜನ ಮೂರು ಹೆಸರಲ್ಲಿ ಒಂದನ್ನು ಹೇಳುತ್ತಾರೆ. ಹುಳುಕಡ್ಡಿ, ಇಸುಬು, ಇಲ್ಲವೇ ದನಿ ತಗ್ಗಿಸಿ ಕುಷ್ಠ. ನಮ್ಮ ಅಕ್ಕನ ಮೊಣಕೈ, ಮೊಣಕಾಲು, ತಲೆಯಲ್ಲಿ ಕಾಣಿಸಿದ್ದಕ್ಕೂ ಈ ಮೂರೂ ಹೆಸರು ಬಂದವು. ಅದು ಮೂರೂ ಅಲ್ಲ, ಸೋರಿಯಾಸಿಸ್. ಎಂಟು ವರ್ಷದಿಂದ ನಾವು ಅದರ ಜೊತೆ ಬದುಕುತ್ತಿದ್ದೇವೆ. ಕಲೆ ಇರುವುದು ಅಕ್ಕನ ಮೈಮೇಲೆ. ಆದರೆ ಬೆನ್ನಿಗೆ ಎಣ್ಣೆ ಹಚ್ಚುವುದು ಅವ್ವ, ಆಸ್ಪತ್ರೆಗೆ ಜೊತೆ ಹೋಗುವುದು ನಾವು, ಊರಿನವರಿಗೆ ಉತ್ತರ ಹೇಳುವುದು ಇಡೀ ಮನೆ.

ನಾಟಿಗೆ ಹೋಗುವ ಗುಂಪಿನಲ್ಲಿ ಒಂದು ವರ್ಷ ಅಕ್ಕನಿಗೆ ನೀರಿನ ಚೊಂಬು ಬೇರೆ ಇಟ್ಟರು. ಯಾರೂ ಬೈಯಲಿಲ್ಲ. ಚೊಂಬು ಬೇರೆ ಆಯಿತು, ಅಷ್ಟೇ. ಮುಂದಿನ ಮಳೆಗಾಲ ಅವಳು ಕೂಲಿಗೆ ಹೋಗಲಿಲ್ಲ. ಈಗ ಅವಳ ಮಗಳಿಗೆ ಗಂಡು ನೋಡುತ್ತಿದ್ದೇವೆ. ಬಂದವರು ಹುಡುಗಿಯ ಓದು ಕೇಳುವ ಮೊದಲು ತಾಯಿಯ ಕೈ ನೋಡುತ್ತಾರೆ. ಈ ಕಾಯಿಲೆಗೆ ವಂಶದ ನಂಟಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ತಾಯಿಗೆ ಇದ್ದ ಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆ ಎಂದಿಲ್ಲ. ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ಆಗುವುದು ಇಷ್ಟು. ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ ಶಕ್ತಿಯೇ ದಾರಿ ತಪ್ಪಿ ಚರ್ಮವನ್ನು ಕೆರಳಿಸುತ್ತದೆ. ಹೊಸ ಚರ್ಮ ಮೇಲೆ ಬರಲು ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಮೂರ್ನಾಲ್ಕು ದಿನಕ್ಕೇ ಬಂದುಬಿಡುತ್ತದೆ. ಹಳೆಯದು ಉದುರುವಷ್ಟು ಸಮಯ ಇಲ್ಲದೆ ಬೆಳ್ಳಿ ಬಣ್ಣದ ಹೊಟ್ಟಾಗಿ ಕೂರುತ್ತದೆ. ಇದರಲ್ಲಿ ಹುಳುವಿಲ್ಲ, ಹರಡುವ ಕ್ರಿಮಿ ಇಲ್ಲ.

ಹರಡುವುದು ಅಂದರೇನು ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣ್ಣೆ ಕಚ್ಚಿ ಬರುತ್ತದೆ. ಸೋರಿಯಾಸಿಸ್ ಉಣ್ಣೆಯಿಂದಲೂ ಬರುವುದಿಲ್ಲ, ತಟ್ಟೆ, ಹಾಸಿಗೆ, ಕತ್ತರಿಯಿಂದಲೂ ಬರುವುದಿಲ್ಲ. ಯುರೋಪಿನ ವೈದ್ಯರೂ ಇದನ್ನು ಬಹುಕಾಲ ಕುಷ್ಠದ ಜೊತೆ ಸೇರಿಸಿದ್ದರು. 1841ರಲ್ಲಿ ವಿಯೆನ್ನಾದ ವೈದ್ಯ ಹೆಬ್ರಾ ಎರಡೂ ಬೇರೆ ಎಂದು ಸ್ಪಷ್ಟವಾಗಿ ಬಿಡಿಸಿಟ್ಟರು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿರಬಹುದು, ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ವಾಸಿಯೂ ಆಗುತ್ತದೆ. ಅಕ್ಕನ ಕಲೆಯಲ್ಲಿ ಸ್ಪರ್ಶ, ತುರಿಕೆ, ಉರಿ ಎಲ್ಲ ಇದೆ.

ಸೋರಿಯಾಸಿಸ್ ಪೂರ್ತಿ ಹೋಗುವುದಿಲ್ಲ, ಹಿಡಿತಕ್ಕೆ ಬರುತ್ತದೆ. ನಮ್ಮ ಮನೆಯ ಕ್ರಮ ಹೀಗಿದೆ. ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿನದು ಸಾಕು. ಕಲ್ಲಿನಿಂದ, ನಾರಿನಿಂದ ಉಜ್ಜುವುದಿಲ್ಲ. ಒರೆಸಿಕೊಂಡು ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತೇವೆ. ಅಡಿಕೆ ಸುಲಿಯುವ ಚಳಿಗಾಲದಲ್ಲಿ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ಒಣ ಗಾಳಿ ಒಂದು, ಕತ್ತಿಯ ಗೀರು ಇನ್ನೊಂದು. ಗೀರು ಬಿದ್ದ ಜಾಗದಲ್ಲೇ ಹೊಸ ಕಲೆ ಏಳಬಹುದು. ಅದಕ್ಕೆ ಅಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕೂರುತ್ತಾಳೆ. ಗಂಟಲು ನೋವು, ಚಿಂತೆ, ಬೀಡಿ, ಕುಡಿತ ಕೂಡ ಇದನ್ನು ಕೆರಳಿಸುತ್ತವೆ.

ಔಷಧಿ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ಮನಸ್ಸಿಗೆ ಬಂದಷ್ಟು ಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹೆಸರಿಲ್ಲದ ಪುಡಿ, ಮಾತ್ರೆ ಇನ್ನೂ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ವಾರದಲ್ಲಿ ಕಲೆ ಮಾಯವಾಗುತ್ತದೆ, ನಿಲ್ಲಿಸಿದ ಮೇಲೆ ಮೈಯೆಲ್ಲ ಕೆಂಪಾಗಿ ಕೀವುಗುಳ್ಳೆ ಏಳಬಹುದು. ಹಾಗಾದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಜಾಸ್ತಿ ಇದ್ದವರಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಕೊಡುತ್ತಾರೆ. ಅದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಮ್ಮ ಮನೆಯಲ್ಲಿ ಸಂತೆ ದಿನವೇ ಮಾತ್ರೆ ದಿನ, ಮರೆಯುವ ಮಾತೇ ಇಲ್ಲ. ನಡುನಡುವೆ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಬಸುರಾಗುವ ಯೋಚನೆ ಇರುವವರು, ಕುಡಿಯುವವರು ಮೊದಲೇ ವೈದ್ಯರಿಗೆ ಹೇಳಬೇಕು. ಬೆಳಿಗ್ಗೆ ಎದ್ದಾಗ ಬೆರಳು, ಮಂಡಿ ಬಿಗಿಯಾಗಿ ಊದಿದ್ದರೆ ಅದನ್ನೂ ಹೇಳಿ. ಇದೇ ಕಾಯಿಲೆ ಕೀಲಿಗೂ ಇಳಿಯುತ್ತದೆ, ಬಿಟ್ಟರೆ ಕೀಲು ಹಾಳಾಗುತ್ತದೆ.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ದೂರ. ಒಂದು ದಿನದ ಕೂಲಿ ಹೋಗುತ್ತದೆ. ಹೋಗುವಾಗ ಹಳೆ ಚೀಟಿ, ಬಳಸಿದ ಟ್ಯೂಬು, ತಿಂದ ಪುಡಿಯ ಪೊಟ್ಟಣ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ, ಹೋದ ದಿನ ವ್ಯರ್ಥ ಆಗಬಾರದು.

ಮೇ ತಿಂಗಳ ಸೆಕೆಯಲ್ಲೂ ತುಂಬು ತೋಳಿನ ಅಂಗಿ ಬಿಡದವರು, ಮದುವೆ ಮನೆಯಲ್ಲಿ ಊಟದ ಪಂಕ್ತಿ ತಪ್ಪಿಸುವವರು ನಿಮ್ಮ ಓಣಿಯಲ್ಲೂ ಇರಬಹುದು. ಗುಂಪಿನಲ್ಲಿ ಕೇಳಬೇಡಿ. ಒಬ್ಬರೇ ಸಿಕ್ಕಾಗ ಈ ಬರಹ ತೋರಿಸಿ, ಬೇಕಿದ್ದರೆ ಆಸ್ಪತ್ರೆಗೆ ಜೊತೆ ಹೋಗಿ.